ಲಕ್ವ ಯಾರಿಗೆ ಹೊಡೆಯುತ್ತದೆ? ಲೆಕ್ಕದ ಪುಸ್ತಕ ಹೇಳುವ ಮಾತು

2025ರ ಮೇ-ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಬಂದದ್ದು ನಿಮಗೆ ನೆನಪಿರಬಹುದು. ಹೃದಯಾಘಾತದಿಂದ ಸಾಲು ಸಾಲು ಸಾವು ಎಂಬ ಸುದ್ದಿ ಅದು. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಕೊಣನೂರಿನಂಥ ಊರಿನಲ್ಲೂ ಎದೆ ಹಿಡಿದುಕೊಂಡು ಬಂದು "ಡಾಕ್ಟ್ರೇ, ಒಂದು ಇ.ಸಿ.ಜಿ. ಮಾಡಿಬಿಡಿ" ಎನ್ನುವವರು ಹೆಚ್ಚಾದರು. ಸರ್ಕಾರವು ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಜಿಲ್ಲೆಯಲ್ಲಿ ಹೃದಯದ ಸಾವು ಏಕಾಏಕಿ ಏರಿದೆ ಎನ್ನುವುದಕ್ಕೂ ಆಧಾರ ಸಿಗಲಿಲ್ಲ. ಸತ್ತವರಲ್ಲಿ ಹಲವರಿಗೆ ಇದ್ದದ್ದು ಹಳೆಯ ಪರಿಚಯದ ಶತ್ರುಗಳೇ: ಧೂಮಪಾನ, ಮದ್ಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ.

ಸಾವುಗಳನ್ನು ಎಣಿಸುವುದು ಸುಲಭ. ಆದರೆ ಹಿಂದಿನ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು, ಪಕ್ಕದ ಜಿಲ್ಲೆಯಲ್ಲಿ ಎಷ್ಟಿದೆ ಎಂದು ಕೇಳದಿದ್ದರೆ ಆ ಎಣಿಕೆಗೆ ಅರ್ಥವಿಲ್ಲ.

ಈ ವಾರ ನಾನು ಬರೆಯಹೊರಟದ್ದು ಹೃದಯಾಘಾತದ ಬಗ್ಗೆ ಅಲ್ಲ, ಅದರ ಒಡಹುಟ್ಟಾದ ಪಾರ್ಶ್ವವಾಯುವಿನ ಬಗ್ಗೆ. ನಮ್ಮ ಕಡೆಯ ಮಾತಿನಲ್ಲಿ ಲಕ್ವ. ಇದು ಸುದ್ದಿಯಾಗುವುದು ಕಡಿಮೆ. ನಿನ್ನೆಯವರೆಗೆ ಗದ್ದೆಗೆ ಹೋಗುತ್ತಿದ್ದ ಯಜಮಾನ ನಡುಮನೆಯ ಮಂಚ ಸೇರುತ್ತಾನೆ. ಹೆಂಡತಿ ಕೂಲಿ ಬಿಟ್ಟು ಪಕ್ಕದಲ್ಲಿ ಕೂರುತ್ತಾಳೆ, ಮಗನ ಓದು ನಿಲ್ಲುತ್ತದೆ. ಬಂದವರೆಲ್ಲ ಒಂದೊಂದು ಕಾರಣ ಹೇಳಿ ಹೋಗುತ್ತಾರೆ. ಗಾಳಿ ಸೋಕಿತಂತೆ, ಬೆಳಗಿನ ಜಾವ ತಣ್ಣೀರು ಮೈಮೇಲೆ ಹಾಕಿಕೊಂಡನಂತೆ, ಯಾರೋ ಮಾಟ ಮಾಡಿಸಿದರಂತೆ! ಪಾರಿವಾಳದ ರಕ್ತ ಉಜ್ಜಿಸಿ ಎನ್ನುವವರೂ ಇದ್ದಾರೆ. ಕಾಯಿಲೆಯ ನಿಜವಾದ ಕಾರಣವನ್ನು ವೈದ್ಯರು ಹೇಗೆ ಪತ್ತೆ ಮಾಡುತ್ತಾರೆಂದು ಮನೆಮಂದಿಗೆ ತಿಳಿದಿದ್ದರೆ ಈ ಮಾತುಗಳಿಗೆ ಅಷ್ಟು ಬೆಲೆ ಬರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಅರಕಲಗೂಡು ತಾಲ್ಲೂಕಿನ ನೂರು ಲಕ್ವ ರೋಗಿಗಳನ್ನು ಕೇಳಿದರೆ ಬಹುಪಾಲು ಜನ ರಾಗಿಮುದ್ದೆ ಉಣ್ಣುವವರೇ ಆಗಿರುತ್ತಾರೆ. ಹಾಗಾದರೆ ಮುದ್ದೆಯಿಂದ ಲಕ್ವ ಬರುತ್ತದೆಯೇ? ಲಕ್ವ ಇಲ್ಲದ ಅದೇ ವಯಸ್ಸಿನ ಇನ್ನೂ ನೂರು ಜನರನ್ನು ಕೇಳಿ ನೋಡಿ, ಅವರೂ ಮುದ್ದೆ ಉಣ್ಣುವವರೇ. ಅಲ್ಲಿಗೆ ಮುದ್ದೆ ನಿರಪರಾಧಿ. ಅದೇ ಎರಡು ಗುಂಪಿಗೂ ರಕ್ತದೊತ್ತಡ ಎಷ್ಟು, ಬೀಡಿ ಸೇದುತ್ತೀರಾ ಎಂದು ಕೇಳಿದರೆ ಉತ್ತರಗಳು ಬೇರೆ ಬೇರೆಯಾಗುತ್ತವೆ. ಕಾರಣದ ಸುಳಿವು ಸಿಗುವುದು ಆ ವ್ಯತ್ಯಾಸದಲ್ಲಿ.

ಇದೇ ವಿಧಾನದಲ್ಲಿ ನಡೆದ ಬಹುದೊಡ್ಡ ಅಧ್ಯಯನವೆಂದರೆ ಇಂಟರ್‌ಸ್ಟ್ರೋಕ್. ಅದರ ಪ್ರಮುಖ ಸಂಶೋಧಕರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್ ಕೂಡ ಒಬ್ಬರು. 2010ರಲ್ಲಿ ಮೊದಲ ಹಂತ ಪ್ರಕಟವಾಯಿತು. 2016ರಲ್ಲಿ ಪ್ರಕಟವಾದ ಎರಡನೆಯ ಹಂತದಲ್ಲಿ 32 ದೇಶಗಳ 13,447 ರೋಗಿಗಳು, ಅವರಿಗೆ ಹೋಲಿಕೆಯಾಗಿ 13,472 ಲಕ್ವ ಇಲ್ಲದವರು ಇದ್ದರು, ಭಾರತದವರೂ ಸೇರಿದ್ದರು. ಅಧಿಕ ರಕ್ತದೊತ್ತಡ, ಧೂಮಪಾನ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಸರಿಯಿಲ್ಲದ ಆಹಾರ, ದೈಹಿಕ ಶ್ರಮದ ಕೊರತೆ, ಮದ್ಯ, ಮಾನಸಿಕ ಒತ್ತಡ, ಹೃದಯದ ಕಾಯಿಲೆ, ರಕ್ತದ ಕೊಬ್ಬಿನ ಏರುಪೇರು ಎಂಬ ಹತ್ತು ಅಂಶಗಳು ಸೇರಿ ಶೇ. 90ರಷ್ಟು ಲಕ್ವಕ್ಕೆ ಲೆಕ್ಕ ಕೊಡುತ್ತವೆಂದು ಕಂಡುಬಂತು. ರಕ್ತದೊತ್ತಡ ಒಂದರದ್ದೇ ಪಾಲು ಹತ್ತಿರಹತ್ತಿರ ಅರ್ಧ. ಇದರರ್ಥ, ಸಮಾಜದಲ್ಲಿ ರಕ್ತದೊತ್ತಡದ ತೊಂದರೆಯೇ ಇಲ್ಲದಿದ್ದರೆ ಲಕ್ವದ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು ಎಂದು. ನಿಮ್ಮ ಪಕ್ಕದ ಮನೆಯ ಒಬ್ಬರಿಗೆ ಏಕೆ ಬಂತು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಅಂಕಿಅಂಶದ ಮಿತಿ ಅದು.

ರಕ್ತದೊತ್ತಡವನ್ನು ಅಪರಾಧಿ ಎಂದು ಒಪ್ಪಲು ವೈದ್ಯರಿಗೇ ಬಹಳ ಕಾಲ ಹಿಡಿಯಿತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಒತ್ತಡ 1944ರ ಮಾರ್ಚಿನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು ಅದು 300/190ಕ್ಕೆ ಏರಿ, ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಗಟ್ಟಿಯಾದ ನಾಳಗಳಲ್ಲಿ ರಕ್ತ ಹರಿಯಲು ಅದು ಬೇಕೇ ಬೇಕು ಎಂದು ಆಗಿನ ಅನೇಕ ವೈದ್ಯರು ನಂಬಿದ್ದರು. 1948ರಲ್ಲಿ ಫ್ರಾಮಿಂಗ್‌ಹ್ಯಾಂ ಎಂಬ ಸಣ್ಣ ಪಟ್ಟಣದಲ್ಲಿ 5,209 ಜನರ ಪಟ್ಟಿ ಮಾಡಿ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ, ಯಾರಿಗೆ ಏನಾಗುತ್ತದೆಂದು ಬರೆದಿಡತೊಡಗಿದರು. ಹೃದಯದ ಬಡಿತ ತಾಳ ತಪ್ಪಿದವರಿಗೆ ಲಕ್ವದ ಸಂಭವ ಸುಮಾರು ಐದು ಪಟ್ಟು ಎಂದು ತಿಳಿದದ್ದು ಆ ಪಟ್ಟಿಯಿಂದ. ಮುಂದಿನ ಹತ್ತು ವರ್ಷಗಳಲ್ಲಿ ಲಕ್ವ ಬರುವ ಸಾಧ್ಯತೆ ಎಷ್ಟೆಂದು ಅಂದಾಜು ಮಾಡುವ ಸೂತ್ರವೂ 1991ರಲ್ಲಿ ಅಲ್ಲಿಂದಲೇ ಬಂತು.

ನಮ್ಮಲ್ಲಿ ಇಂಥ ಪಟ್ಟಿ ಇದೆಯೇ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲೇ ಇರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ರೋಗ ಮಾಹಿತಿ ಕೇಂದ್ರವು ರಾಷ್ಟ್ರೀಯ ಪಾರ್ಶ್ವವಾಯು ನೋಂದಣಿಯನ್ನು ನಡೆಸುತ್ತದೆ. ಇಡೀ ಪ್ರದೇಶದ ಜನರನ್ನು ಲೆಕ್ಕಕ್ಕೆ ಹಿಡಿಯುವ ನೋಂದಣಿ ನಡೆದದ್ದು ಕಟಕ್, ವಾರಾಣಸಿ, ತಿರುನಲ್ವೇಲಿ, ಕೋಟಾ ಮತ್ತು ಕಾಛಾರ್‌ಗಳಲ್ಲಿ. ಕರ್ನಾಟಕದ ಊರು ಆ ಐದರಲ್ಲಿಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ಕೆಲಸ ಮಾಡಿ ತೋರಿಸಿದ್ದಾರೆ. ಆದರೆ ಆಸ್ಪತ್ರೆಯ ಲೆಕ್ಕದಲ್ಲಿ ಆಸ್ಪತ್ರೆ ತಲುಪಿದವರು ಮಾತ್ರ ಇರುತ್ತಾರೆ. ಹಳ್ಳಿಯ ಮನೆಯಲ್ಲೇ ಕಣ್ಣು ಮುಚ್ಚಿದ ಅಜ್ಜಿ ಅದರಲ್ಲಿಲ್ಲ. ರೋಗಿಗೆ ಮಾತು ನಿಂತಿದ್ದರೆ ಪ್ರಶ್ನೆಗೆ ಉತ್ತರ ಹೇಳುವವನು ಮಗ. ಅಪ್ಪ ಗುಟ್ಟಾಗಿ ಎಷ್ಟು ಕುಡಿಯುತ್ತಿದ್ದನೆಂದು ಅವನಿಗೇನು ಗೊತ್ತು? ಇನ್ನು ಒತ್ತಡದ ಅಂಕಿ. ಚೀಟಿಗಳನ್ನು ನೋಡಿದರೆ ಎಲ್ಲರದ್ದೂ 130/80, 140/90. ಮನುಷ್ಯನ ರಕ್ತ ಹೀಗೆ ಸೊನ್ನೆಯಲ್ಲೇ ಮುಗಿಯುವಂತೆ ಹರಿಯುವುದಿಲ್ಲ! ಅಳೆಯುವವರ ಅವಸರ ಅದು.

ನಮ್ಮ ಕಡೆಯ ಬಗ್ಗೆ ಒಂದು ಮಾತು. ಕೊಣನೂರು, ರಾಮನಾಥಪುರ ಹೊಗೆಸೊಪ್ಪಿನ ಸೀಮೆ. ಹರಾಜು ಮಾರುಕಟ್ಟೆ ರಾಮನಾಥಪುರದಲ್ಲೇ ಇದೆ. ಎಷ್ಟೋ ಮನೆಗಳ ಮದುವೆ, ಮಕ್ಕಳ ಓದು ನಡೆದದ್ದು ಆ ದುಡ್ಡಿನಿಂದ. ಬೆಳೆಯಬೇಡಿ ಎಂದು ಉಪದೇಶ ಮಾಡುವುದು ಸುಲಭ, ಬೇರೆ ಬೆಳೆಗೆ ಬೆಲೆ ಕೊಡಿಸುವುದು ನನ್ನ ಕೈಲಿಲ್ಲ. ಬೆಳೆದವರು ಸೇದಬೇಕೆಂದೇನೂ ಇಲ್ಲವಲ್ಲ, ಅಷ್ಟನ್ನಾದರೂ ಹೇಳುತ್ತೇನೆ. ಉಪ್ಪಿನದು ಇನ್ನೊಂದು ಕಥೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿನ ಉಪ್ಪಿಗೇ ಅದು ಮುಗಿದಿರುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮೇಲಿನದ್ದು.

ಗುಳಿಗೆಯ ವಿಚಾರದಲ್ಲೂ ಲೆಕ್ಕ ಸ್ಪಷ್ಟವಾಗಿದೆ. ಮೇಲಿನ ಅಂಕಿ 10ರಷ್ಟು ಇಳಿದರೆ ಲಕ್ವದ ಸಂಭವ ಸುಮಾರು ಕಾಲುಭಾಗ ತಗ್ಗುತ್ತದೆಂದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ ತೋರಿಸಿತು. ಆದರೂ "ಈಗ ನಾರ್ಮಲ್ ಇದೆ" ಎಂದು ಗುಳಿಗೆ ನಿಲ್ಲಿಸುವವರನ್ನು ನಾನು ಪ್ರತಿ ವಾರ ನೋಡುತ್ತೇನೆ. ನಾರ್ಮಲ್ ಇರುವುದು ಗುಳಿಗೆಯಿಂದ!

ಮನೆಯಲ್ಲಿ ಮಗಳ ಹಳೆಯ ನೋಟ್‌ಬುಕ್ ಒಂದನ್ನು ತೆಗೆದಿಡಿ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಪುಟ. ದಿನಾಂಕ, ರಕ್ತದೊತ್ತಡದ ಎರಡೂ ಅಂಕಿ, ಸಕ್ಕರೆ, ಗುಳಿಗೆಯ ಹೆಸರು, ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಲಕ್ವ ಬಂದಿತ್ತು ಎಂಬ ವಿವರ. ಒಂದೇ ದಿನದ ಅಂಕಿಯಿಂದ ತೀರ್ಮಾನವಿಲ್ಲ. ಐದು ನಿಮಿಷ ಸುಮ್ಮನೆ ಕುಳಿತ ನಂತರ ಅಳೆಸಿ, ಬೇರೆ ಬೇರೆ ದಿನ ಅಳೆಸಿದರೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಬಳಿ ಪುಸ್ತಕ ಹಿಡಿದುಕೊಂಡೇ ಹೋಗಿ. ಪ್ಲಾಸ್ಟಿಕ್ ಕವರಿನಲ್ಲಿ ಮುದುಡಿದ ಇಪ್ಪತ್ತು ಚೀಟಿಗಳಿಗಿಂತ ಆ ಒಂದು ಪುಟದಿಂದ ಹೆಚ್ಚು ತಿಳಿಯುತ್ತದೆ.

ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ: ರೋಗಿ ಕೊನೆಯ ಬಾರಿಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಗಡಿಯಾರ ನೋಡಿ, ಆ ಹೊತ್ತನ್ನೂ ಪುಸ್ತಕದಲ್ಲಿ ಬರೆದುಕೊಂಡಿರಿ.