ಹಿಮವಿಲ್ಲದ ಊರಿನ ಜಾರುದಾರಿ: ಮಲೆನಾಡಿನ ಮಳೆಗಾಲದಲ್ಲಿ ಸೈಕಲ್ ಸವಾರಿ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೈಕಲ್ ಏರುವವರಿಗೆ ಹಿಮನಾಡಿನ ಸವಾರರ ಆತಂಕ ಅಪರಿಚಿತವೇನಲ್ಲ. ಅಡಿಕೆ ತೋಟದ ಅಂಚಿನಲ್ಲಿ, ಮರಗಳ ದಟ್ಟ ನೆರಳಿನಲ್ಲಿ ಸಾಗುವ ಕಿರುರಸ್ತೆಗಳ ಮೇಲೆ ಮಳೆ ಹಿಡಿದ ಕೆಲವೇ ವಾರಗಳಲ್ಲಿ ಹಸಿರು ಹಾವಸೆ ಹಬ್ಬುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಕ್ಷಣದಲ್ಲೇ ಚಕ್ರ ಪಕ್ಕಕ್ಕೆ ಸರಿಯುತ್ತದೆ. ಸವಾರ ನೆಲಕ್ಕುರುಳುವುದಕ್ಕೆ ಬೇರೆ ವಾಹನ ಎದುರಾಗಬೇಕೆಂದೇನೂ ಇಲ್ಲ.

ಸಿದ್ದಾಪುರ, ಶಿರಸಿ, ಯಲ್ಲಾಪುರ ಸೀಮೆಯಲ್ಲಿ ಈ ಅಪಾಯಕ್ಕೆ ಹೆಚ್ಚಾಗಿ ಗುರಿಯಾಗುವವರು ಶಾಲಾ ಮಕ್ಕಳು. ಚದುರಿದ ಮನೆಗಳ ಈ ಪ್ರದೇಶದಲ್ಲಿ ಪ್ರೌಢಶಾಲೆ ಹಲವು ಕಿಲೋಮೀಟರ್ ದೂರವಿರುವುದು ಸಾಮಾನ್ಯ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆಯಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ದೊರೆತು, ಈ ದೂರ ಎಷ್ಟೋ ಕಡಿಮೆಯಾಯಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತಾದರೂ ಸೈಕಲ್ ತುಳಿಯುವ ಮಕ್ಕಳು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಸೈಕಲ್ ಕೊಟ್ಟದ್ದಾಯಿತು, ಅದು ಸಾಗಬೇಕಾದ ರಸ್ತೆಯನ್ನು ಮಳೆಗಾಲದಲ್ಲಿ ಯಾರು ಕಾಯಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಜಾರಿಕೆಯ ಲೆಕ್ಕ

ಚಕ್ರವನ್ನು ನಿಲ್ಲಿಸುವುದು ಬ್ರೇಕ್. ಸೈಕಲ್ಲನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಣ ಘರ್ಷಣೆ. ಒಣಗಿದ ಟಾರು ರಸ್ತೆಯಲ್ಲಿ ಈ ಘರ್ಷಣೆಯ ಪ್ರಮಾಣ ಸುಮಾರು 0.7. ತೊಯ್ದ ಟಾರಿನ ಮೇಲೆ ಅದು 0.4ರ ಆಸುಪಾಸಿಗೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ ಉಳಿಯುವುದು 0.1 ಮಾತ್ರ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವ ಸೈಕಲ್, ಟೈರಿನ ಹಿಡಿತವನ್ನಷ್ಟೇ ಗಣಿಸಿದರೆ, ಸಮತಟ್ಟಾದ ಒಣ ರಸ್ತೆಯಲ್ಲಿ 2 ಮೀಟರಿನೊಳಗೆ ನಿಲ್ಲಬಲ್ಲುದು. ತೊಯ್ದ ರಸ್ತೆಯಲ್ಲಿ ಅದಕ್ಕೆ 3 ಮೀಟರಿಗೂ ತುಸು ಹೆಚ್ಚು, ಮಂಜುಗಡ್ಡೆಯ ಮೇಲೆ ಸುಮಾರು 13 ಮೀಟರ್ ಬೇಕು. ಅಪಾಯ ಕಂಡು ಬ್ರೇಕಿಗೆ ಕೈ ಹಾಕುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ 5 ಮೀಟರ್ ಇದಕ್ಕೆ ಹೊರತು.

ಹಾವಸೆ ದಪ್ಪಗೆ ಕಟ್ಟಿದ ಜಾಗದಲ್ಲಿ ಲೆಕ್ಕ ತೊಯ್ದ ಟಾರನ್ನು ಬಿಟ್ಟು ಮಂಜುಗಡ್ಡೆಯ ಕಡೆಗೆ ಸರಿಯುತ್ತದೆ. ಮಲೆನಾಡಿನ ಕಷ್ಟ ಇರುವುದು ಇಲ್ಲಿಯೇ. 10 ಮೀಟರಿಗೆ 1 ಮೀಟರಿನಷ್ಟು ಇಳಿಯುವ ರಸ್ತೆಯಲ್ಲಿ ಘರ್ಷಣೆ 0.1ಕ್ಕೆ ಕುಸಿದರೆ ಚಲಿಸುತ್ತಿರುವ ಸೈಕಲ್ ನಿಲ್ಲುವುದೇ ಇಲ್ಲ. ಎಷ್ಟು ಬಲವಾಗಿ ಬ್ರೇಕ್ ಹಿಡಿದರೂ ಅದು ಜಾರುತ್ತಲೇ ಹೋಗುತ್ತದೆ. ಅಂಥ ಇಳಿಜಾರಿನಲ್ಲಿ ಸವಾರನ ಚಾತುರ್ಯ ನೆರವಿಗೆ ಬಾರದು. ಇಳಿದು ನಡೆಯುವುದೊಂದೇ ದಾರಿ.

ಮೊದಲ ಮಳೆಯೂ ಮೋಸದ್ದೇ. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕುಳಿತ ದೂಳು ಮತ್ತು ಎಣ್ಣೆ ಹನಿಮಳೆಗೆ ಕಲೆತು ತೆಳುವಾದ ಲೇಪವಾಗುತ್ತವೆ. ಜೋರು ಮಳೆ ಸುರಿದು ಅದನ್ನು ತೊಳೆಯುವವರೆಗೂ ರಸ್ತೆ ನಂಬುವಂಥದ್ದಲ್ಲ. ಉದುರಿದ ಎಲೆ, ಮಣ್ಣಿನ ರಾಡಿ, ದನಗಳು ದಾಟದಂತೆ ಹಾಸಿದ ಕಬ್ಬಿಣದ ಕೊಳವೆಗಳು ಇವೆಲ್ಲವೂ ತೊಯ್ದಾಗ ಜಾರುತ್ತವೆ.

ಕೊಡೆ ಹಿಡಿದ ಕೈ

ನಮ್ಮಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಸೈಕಲ್ಲುಗಳ ಬ್ರೇಕ್ ರಬ್ಬರು ಉಕ್ಕಿನ ರಿಮ್ಮನ್ನು ಒತ್ತಿ ಹಿಡಿಯುತ್ತದೆ. ನಯವಾದ ಉಕ್ಕು ತೊಯ್ದಾಗ ಈ ಹಿಡಿತ ಬಹಳಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳುವುದು ಒಳಿತು. ಸವೆದು ಗಟ್ಟಿಯಾದ ಬ್ರೇಕ್ ರಬ್ಬರನ್ನು ಮಳೆಗಾಲಕ್ಕೆ ಮುನ್ನ ಬದಲಾಯಿಸಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಇನ್ನೊಂದು ಅಪಾಯ ನಿತ್ಯದ ರೂಢಿಯಲ್ಲಿಯೇ ಅಡಗಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಸಾಗುವವರು ಒಂದು ಬ್ರೇಕನ್ನು ಕಳೆದುಕೊಂಡಂತೆಯೇ. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂಚಕ್ರದ ಬ್ರೇಕ್, ಎಡಗೈಯದು ಹಿಂಚಕ್ರದ್ದು. ಎಡಗೈಯಲ್ಲಿ ಕೊಡೆ ಇದ್ದರೆ ಉಳಿಯುವುದು ಮುಂದಿನ ಬ್ರೇಕ್ ಮಾತ್ರ. ಒಣ ರಸ್ತೆಯಲ್ಲಿ ಹೆಚ್ಚು ಕೆಲಸ ಮಾಡುವುದು ಅದೇ ಹೌದು. ಜಾರುವ ನೆಲದಲ್ಲಿ ಮಾತ್ರ ಅದು ಕೈಕೊಡುತ್ತದೆ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಅವಕಾಶವಿದೆ. ಮುಂದಿನದು ಜಾರಿದರೆ ಬೀಳುವುದು ಬಹುತೇಕ ನಿಶ್ಚಿತ. ಕೊಡೆಯ ಬದಲು ಮೈಗೆ ಅಂಟಿದಂತಿರುವ ರೇನ್‌ಕೋಟ್ ಧರಿಸಿ, ಎರಡೂ ಕೈಗಳನ್ನು ಹ್ಯಾಂಡಲ್ ಮೇಲಿಡುವುದು ಸುರಕ್ಷಿತ.

ತಿರುವಿನಲ್ಲಿ ಬ್ರೇಕ್ ಹಾಕಬಾರದು ಎಂಬ ಮಾತಿಗೂ ಕಾರಣವಿದೆ. ಟೈರಿಗೆ ಇರುವುದು ಒಂದೇ ಹಿಡಿತ. ತಿರುಗುವುದಕ್ಕೂ ನಿಲ್ಲುವುದಕ್ಕೂ ಅದನ್ನೇ ಹಂಚಿಕೊಳ್ಳಬೇಕು. ವೇಗವನ್ನು ನೇರ ದಾರಿಯಲ್ಲೇ ತಗ್ಗಿಸಿ, ತಿರುವನ್ನು ನಿಧಾನವಾಗಿ ದಾಟಬೇಕು. ಹಾವಸೆ ಸಾಮಾನ್ಯವಾಗಿ ರಸ್ತೆಯ ನಟ್ಟನಡುವೆ ಮತ್ತು ಅಂಚುಗಳಲ್ಲಿ ಬೆಳೆಯುತ್ತದೆ. ವಾಹನಗಳ ಚಕ್ರ ಉರುಳುವ ಪಟ್ಟಿ ಹೆಚ್ಚು ಸ್ವಚ್ಛವಾಗಿರುತ್ತದೆ. ಹಿಂದೆ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು ಆ ಪಟ್ಟಿಯಲ್ಲಿ ಸಾಗುವುದು ಮೇಲು. ಮೋಡ ಕವಿದ ಹಗಲಿನಲ್ಲಿಯೂ ಹಿಂಬದಿಯ ಕೆಂಪು ದೀಪ, ತಿಳಿಬಣ್ಣದ ಉಡುಪು ಅವಶ್ಯ.

ಹಿಮನಾಡಿನ ಪಾಠ

ವರ್ಷದಲ್ಲಿ ಹಲವು ತಿಂಗಳು ಹಿಮ ಹೊದ್ದಿರುವ ಫಿನ್‌ಲೆಂಡಿನ ಔಲು ನಗರದಲ್ಲಿ ಚಳಿಗಾಲದಲ್ಲಿಯೂ ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. 2013ರಲ್ಲಿ ಚಳಿಗಾಲದ ಸೈಕಲ್ ಸವಾರಿಗೆ ಮೀಸಲಾದ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದೂ ಅಲ್ಲಿಯೇ. ಲೋಹದ ಮೊಳೆಗಳನ್ನು ಕೂಡಿಸಿದ ಟೈರುಗಳು ಅಲ್ಲಿ ದೊರೆಯುತ್ತವೆ, ನಿಜ. ಆದರೆ ಅವರ ಧೈರ್ಯದ ಮೂಲ ಟೈರಿನಲ್ಲಿ ಮಾತ್ರ ಇಲ್ಲ. ಮುಖ್ಯ ಸೈಕಲ್ ಪಥಗಳ ಹಿಮವನ್ನು ಬೆಳಗಿನ ಸಂಚಾರಕ್ಕೆ ಮುನ್ನವೇ ತೆರವುಗೊಳಿಸಲಾಗುತ್ತದೆ. ಜಾರುವ ಕಡೆ ಸಣ್ಣ ಜಲ್ಲಿ ಹರಡಲಾಗುತ್ತದೆ. ದಾರಿ ಹದವಾಗಿರುತ್ತದೆ ಎಂಬ ಭರವಸೆಯಿಂದ ತಂದೆತಾಯಿ ಮಕ್ಕಳನ್ನು ಕಳಿಸುತ್ತಾರೆ.

ಈ ವಿವೇಕ ಮಲೆನಾಡಿಗೆ ಹೊಸದಲ್ಲ. ಮಳೆಗಾಲ ಬಂತೆಂದರೆ ಇಲ್ಲಿನ ಮನೆಯವರು ಅಂಗಳದ ಹಾವಸೆಯನ್ನು ಕೆರೆದು ತೆಗೆಯುತ್ತಾರೆ, ಬ್ಲೀಚಿಂಗ್ ಪುಡಿ ಎರಚುತ್ತಾರೆ, ಓಡಾಡುವ ಜಾಗಕ್ಕೆ ಅಡಿಕೆ ದಬ್ಬೆ ಹಾಸುತ್ತಾರೆ. ಜಾರಿ ಬಿದ್ದವನನ್ನು ಬೈಯುವುದಕ್ಕಿಂತ ನೆಲವನ್ನು ಸರಿಪಡಿಸುವುದು ಲೇಸೆಂದು ಪ್ರತಿ ಮನೆಗೂ ತಿಳಿದಿದೆ. ಅಂಗಳದ ಅಂಚಿನಲ್ಲಿ ನಿಲ್ಲುವ ಈ ಕಾಳಜಿ ರಸ್ತೆಗೂ ದಾಟಬೇಕಾಗಿದೆ.

ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಶಾಲೆಗೆ ಹೋಗುವ ದಾರಿಯ ಕಡಿದಾದ ಇಳಿಜಾರುಗಳನ್ನು ಗುರುತಿಸುವುದು, ಮಳೆಗಾಲದಲ್ಲಿ ಆಗಾಗ ಹಾವಸೆ ಉಜ್ಜಿಸುವುದು, ಬಿಸಿಲು ಬೀಳುವಂತೆ ತಗ್ಗಿನ ರೆಂಬೆಗಳನ್ನು ಸವರುವುದು, ನೀರು ರಸ್ತೆಗೆ ಹರಿಯದಂತೆ ಚರಂಡಿ ಬಿಡಿಸುವುದು ಊರಿನ ಮಟ್ಟದಲ್ಲೇ ಆಗಬಹುದಾದ ಕೆಲಸಗಳು. ಹೊಸದಾಗಿ ಕಾಂಕ್ರೀಟ್ ರಸ್ತೆ ಮಾಡುವಾಗ ಮೇಲ್ಮೈಯನ್ನು ನುಣುಪುಗೊಳಿಸದೆ ಅಡ್ಡಗೆರೆ ಎಳೆದು ಒರಟಾಗಿಸಿದರೆ ಹಲವು ಮಳೆಗಾಲಗಳಿಗೆ ಹಿಡಿತ ದೊರೆಯುತ್ತದೆ.

ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಮಗು ವಾರಗಟ್ಟಲೆ ಬರೆಯಲಾರದು. ಒಮ್ಮೆ ಬಿದ್ದ ಮಗುವನ್ನು ಮತ್ತೆ ಸೈಕಲ್ ಹತ್ತಿಸಲು ಮನೆಯವರೂ ಹಿಂಜರಿಯುತ್ತಾರೆ. ಎಚ್ಚರದಿಂದ ಹೋಗು ಎಂದು ಮಗುವಿಗೆ ಹೇಳುವುದು ಸುಲಭ. ಆದರೆ ಆ ಎಚ್ಚರದ ಅರ್ಧಪಾಲು ರಸ್ತೆಯನ್ನು ನೋಡಿಕೊಳ್ಳುವವರದು.