ಮಾತ್ರೆಗೆ ಬಗ್ಗದ ಶುಗರ್: ಇದು ಲಾಡಾ ಇರಬಹುದೇ?

ನಲವತ್ತರ ಆಸುಪಾಸಿನವರಿಗೆ ಸಕ್ಕರೆ ಕಾಯಿಲೆ ಬಂದರೆ ಅದು ಟೈಪ್ 2 ಎಂದೇ ಸಾಮಾನ್ಯ ತೀರ್ಮಾನ. ಮೆಟ್‌ಫಾರ್ಮಿನ್ ಶುರುವಾಗಿ ಒಂದೆರಡು ವರ್ಷ ಶುಗರ್ ಹತೋಟಿಯಲ್ಲಿರುತ್ತದೆ. ಆಮೇಲೆ ಕೆಲವರಲ್ಲಿ ಏರತೊಡಗುತ್ತದೆ. ಒಂದು ಮಾತ್ರೆ ಮೂರಾಗುತ್ತದೆ, ಮೈತೂಕ ಇಳಿಯುತ್ತದೆ. ಅನ್ನ ಬಿಟ್ಟು, ದಿನಾ ನಡೆದರೂ ಮನೆಯವರ ಅನುಮಾನ ಹೋಗುವುದಿಲ್ಲ: ‘ಕದ್ದು ಸಿಹಿ ತಿಂತೀರೇನ್ರೀ?’ ಪಥ್ಯ ಮಾಡಿದವರಿಗೆ ಈ ಮಾತು ಕಾಯಿಲೆಗಿಂತ ಹೆಚ್ಚು ನೋವು ಕೊಡುತ್ತದೆ.

ಇಂಥ ಕೆಲವರಿಗೆ ಇರುವುದು ಲಾಡಾ ಎಂಬ ಮಧುಮೇಹ. 1993ರಿಂದ ಈ ಹೆಸರು ಬಳಕೆಯಲ್ಲಿದೆ, ‘ಟೈಪ್ 1.5’ ಎನ್ನುವವರೂ ಉಂಟು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಗೆಯೆಂದು ಬಗೆದು ನಾಶಮಾಡುತ್ತದೆ. ಮಕ್ಕಳಿಗೆ ಬರುವ ಟೈಪ್ 1ರಲ್ಲೂ ಆಗುವುದು ಇದೇ. ಆದರೆ ದೊಡ್ಡವರಲ್ಲಿ ಈ ನಾಶ ವರ್ಷಗಟ್ಟಲೆ ನಿಧಾನವಾಗಿ ನಡೆಯುವುದರಿಂದ ಮೊದಮೊದಲು ಮಾತ್ರೆ ಕೆಲಸ ಮಾಡಿದಂತೆ ಕಾಣುತ್ತದೆ. ಬ್ರಿಟನ್ನಿನ ದೊಡ್ಡ ಮಧುಮೇಹ ಅಧ್ಯಯನವೊಂದರಲ್ಲಿ, ಟೈಪ್ 2 ಎಂದು ಹೊಸದಾಗಿ ಗುರುತಿಸಿದವರ ಪೈಕಿ ನೂರಕ್ಕೆ ಸುಮಾರು 10 ಮಂದಿಯ ರಕ್ತದಲ್ಲಿ ಈ ದಾಳಿಯ ಗುರುತಾದ ಜಿಎಡಿ ಪ್ರತಿಕಾಯಗಳು ಸಿಕ್ಕಿದ್ದವು. ಈ ಪ್ರಮಾಣ ಎಲ್ಲ ದೇಶಗಳಲ್ಲೂ ಒಂದೇ ಇರುವುದಿಲ್ಲ.

ಮೈಕಟ್ಟು ನೋಡಿ ಲಾಡಾ ಹೌದೋ ಅಲ್ಲವೋ ಹೇಳಲಾಗದು. ನಮ್ಮಲ್ಲಿ ತೆಳ್ಳಗಿದ್ದೂ ಟೈಪ್ 2 ಬಂದವರು ಬಹಳ. ದಪ್ಪಗಿರುವವರಲ್ಲೂ ಲಾಡಾ ಕಾಣಿಸುವುದುಂಟು. ದಾರಿ ತೋರುವುದು ರಕ್ತಪರೀಕ್ಷೆ. ಜಿಎಡಿ ಪ್ರತಿಕಾಯ ಇದೆಯೇ ಎಂದು ಮೊದಲು ನೋಡುತ್ತಾರೆ. ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂಬುದನ್ನು ಸಿ-ಪೆಪ್ಟೈಡ್ ಪರೀಕ್ಷೆ ಹೇಳುತ್ತದೆ. ಇಂಜೆಕ್ಷನ್ನಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲವಾದ್ದರಿಂದ, ಈಗಾಗಲೇ ಚುಚ್ಚಿಕೊಳ್ಳುತ್ತಿರುವವರಿಗೂ ಈ ಲೆಕ್ಕ ಸಿಗುತ್ತದೆ. ಎಲ್ಲ ಮಧುಮೇಹಿಗಳೂ ಈ ಪರೀಕ್ಷೆಗಳನ್ನು ಮಾಡಿಸಬೇಕಿಲ್ಲ. ತೂಕ ಕಾರಣವಿಲ್ಲದೆ ಇಳಿದಿದ್ದರೆ, ಮಾತ್ರೆಗಳು ಬೇಗನೆ ಸೋತಿದ್ದರೆ, ತಮಗೋ ಮನೆತನದಲ್ಲೋ ಥೈರಾಯ್ಡ್‌ನಂಥ ಸ್ವಯಂ-ನಿರೋಧಕ ಕಾಯಿಲೆ ಇದ್ದರೆ ವೈದ್ಯರನ್ನು ಕೇಳಲೇಬೇಕು.

ಕೇಳುವುದರಿಂದ ಚಿಕಿತ್ಸೆಯೇ ಬದಲಾಗಬಹುದು. ಗ್ಲಿಮಿಪಿರೈಡ್‌ನಂಥ ಮಾತ್ರೆಗಳು ಅಳಿದುಳಿದ ಬೀಟಾ ಕೋಶಗಳಿಂದಲೇ ಇನ್ಸುಲಿನ್ ಹೊರಡಿಸುತ್ತವೆ. ಲಾಡಾದಲ್ಲಿ ಅವು ಬೇಡವೆಂದು ತಜ್ಞರು ಸಲಹೆ ಮಾಡುತ್ತಾರೆ. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಇನ್ಸುಲಿನ್ ಕೊರತೆಯಾದಾಗ ದೇಹ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ, ರಕ್ತದಲ್ಲಿ ಕೀಟೋನ್ ಆಮ್ಲ ಏರುತ್ತದೆ. ಈ ಮಾತ್ರೆ ನುಂಗುವವರಲ್ಲಿ ಶುಗರ್ ಅಷ್ಟೇನೂ ಏರದೆಯೂ ಹೀಗಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಗ್ಲುಕೋಮೀಟರಿನ ಅಂಕಿ ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ಸುಲಿನ್ ಎಂದರೆ ಕೊನೆಯ ಹಂತ ಎಂಬ ಭಯ ನಮ್ಮ ಮನೆಗಳಲ್ಲಿ ಆಳವಾಗಿದೆ. ಲಾಡಾ ಇರುವವರಿಗೆ ದೇಹದಲ್ಲಿ ಇಲ್ಲವಾಗುತ್ತಿರುವುದೇ ಇನ್ಸುಲಿನ್. ಅದನ್ನು ಯಾವಾಗ ಆರಂಭಿಸಬೇಕೆಂದು ಸಿ-ಪೆಪ್ಟೈಡ್ ನೋಡಿ ವೈದ್ಯರು ನಿರ್ಧರಿಸುತ್ತಾರೆ; ಅಲ್ಲಿಯವರೆಗೆ ಇರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.