ನಿಮಗಿದು ಗೊತ್ತೇ? ಗುಳಿಗೆ ನುಂಗಿದ ಮೇಲೆ ಹೆಜ್ಜೆಯ ಲೆಕ್ಕ

● ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ 1817ರಲ್ಲಿ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ್ದು ಆರೇ ಆರು ಜನರನ್ನು. ಅವರಲ್ಲಿ ಮೂವರು ಕಣ್ಣಿಗೆ ಬಿದ್ದದ್ದು ಬೀದಿಯಲ್ಲಿ; ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೇ.

● ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಮನೆಗೆ ಹೋಗಿ ನೋಡಿದ ನರರೋಗ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಕಾಯಿಲೆಯ ಪ್ರಮಾಣ ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು. ‘ಪೇಟೆಯವರ ರೋಗ’ ಎನ್ನುವವರಿಗೆ ಇಷ್ಟು ಸಾಕು.

● ನಡಿಗೆ ಅಳೆಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಹಿಡಿಯಿತು ಎನ್ನುವುದೇ 1991ರಿಂದ ಜಗತ್ತಿನಾದ್ಯಂತ ನಡೆದಿರುವ ಪರೀಕ್ಷೆ. ಸವಡಿಯಂಥ ಹಳ್ಳಿಯ ಯಾವುದೇ ಪಡಸಾಲೆಗೂ ಅದು ಹಿಡಿಸೀತು. ಪಾರ್ಕಿನ್ಸನ್ ಇದ್ದವರಿಗೆ 11.5 ಸೆಕೆಂಡ್ ದಾಟಿದರೆ ಬೀಳುವ ಭಯ ಹೆಚ್ಚು ಎಂದು ಒಂದು ಅಧ್ಯಯನ ಹೇಳುತ್ತದೆ.

● ಹೋದ ತಿಂಗಳು 15 ಸೆಕೆಂಡ್, ಈಗ 13. ಔಷಧ ಹತ್ತಿತೇ? ಅವಸರ ಬೇಡ. ತೈವಾನಿನ 2011ರ ಅಧ್ಯಯನದ ಪ್ರಕಾರ ಸುಮಾರು 3.5 ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಬರೀ ಅಳತೆಯ ಏರುಪೇರಾಗಿರಬಹುದು.

● ಗಡಿಯಾರ ಎರಡು ಸಲ ನೋಡಬೇಕು: ನಡೆದದ್ದು ಎಷ್ಟು ಸೆಕೆಂಡ್, ಗುಳಿಗೆ ನುಂಗಿ ಎಷ್ಟು ಹೊತ್ತಾಯಿತು. ಈ ಕಾಯಿಲೆಯ ಗುಳಿಗೆಯಲ್ಲಿರುವ ಔಷಧ ಲೆವೊಡೋಪಾ ಮೈಯಲ್ಲಿ ಏರಿದಾಗ ‘ಆನ್’, ಇಳಿದಾಗ ‘ಆಫ್’. ಮುಂಜಾನೆ ಗುಳಿಗೆಗೂ ಮೊದಲು ತೆವಳುವವರು ತಾಸೊಪ್ಪತ್ತಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದಾರು. ಹೊತ್ತು ಬರೆಯದ ಅಳತೆಯಿಂದ ಹುಬ್ಬಳ್ಳಿ, ಧಾರವಾಡದ ಡಾಕ್ಟರಿಗೆ ಸಿಗುವುದು ಅರ್ಧ ಸುದ್ದಿ. ಮೆದುಳಿಗೆ ವಿದ್ಯುತ್ ತಂತಿ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಸುಮಾರು 12 ತಾಸು ಗುಳಿಗೆ ನಿಲ್ಲಿಸಿ ಅಳೆದು, ಕೊಟ್ಟು ಮತ್ತೆ ಅಳೆಯುತ್ತಾರೆ. ಅದು ಆಸ್ಪತ್ರೆಯವರ ಕೆಲಸ. ಮನೆಯಲ್ಲಿ ಗುಳಿಗೆ ನಿಲ್ಲಿಸಿ ನೋಡುವುದು ಅಪಾಯ.

● ಲೆವೊಡೋಪಾದಿಂದ ಹೆಜ್ಜೆ ಉದ್ದವಾಗುತ್ತದೆ, ವೇಗ ಬರುತ್ತದೆ. ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬ ತಾಳ ಅಷ್ಟಾಗಿ ಬದಲಾಗದು. ಸಮತೋಲನವಂತೂ ಹಲವರಲ್ಲಿ ಗುಳಿಗೆಗೆ ಮಣಿಯುವುದೇ ಇಲ್ಲ. ಚುರುಕಾಗಿ ನಡೆದರು ಎಂದ ಮಾತ್ರಕ್ಕೆ ಬೀಳುವುದಿಲ್ಲ ಎನ್ನಲಾಗದು! ಮನೆಯವರು ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ.

● ಅದಕ್ಕೇ ಸಮತೋಲನಕ್ಕೆ ಬೇರೆ ಪರೀಕ್ಷೆ. ವೈದ್ಯರು ಹಿಂದೆ ನಿಂತು ಎರಡೂ ಭುಜ ಹಿಡಿದು ಥಟ್ಟನೆ ಜಗ್ಗುತ್ತಾರೆ. ಒಂದೆರಡು ಹೆಜ್ಜೆಯಲ್ಲಿ ಸಾವರಿಸಿಕೊಂಡರೆ ಸೊನ್ನೆ ಅಂಕ; ಇಲ್ಲಿ ಸೊನ್ನೆಯೇ ಒಳ್ಳೆಯದು, ನಾಲ್ಕು ಕೆಟ್ಟದ್ದು. ಮೊಮ್ಮಕ್ಕಳು ಅಜ್ಜನ ಮೇಲೆ ಇದನ್ನು ಪ್ರಯೋಗಿಸಬಾರದು.

● ನಡೆಯುತ್ತಲೇ ನೂರರಿಂದ ಏಳೇಳು ಕಳೆಯಲು ಹೇಳುವುದೂ ಪರೀಕ್ಷೆಯೇ. ಲೆಕ್ಕದತ್ತ ಗಮನ ಹೋದರೆ ಕಾಲು ನಿಧಾನವಾಗುತ್ತದೆ.

● ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವುದುಂಟು. ಆಗ ನೆಲದ ಮೇಲೆ ಸುಣ್ಣದಿಂದ ಎಳೆದ ಅಡ್ಡಗೆರೆಗಳನ್ನು ದಾಟಲು ಹೇಳಿದರೆ ಎಷ್ಟೋ ಜನರ ಹೆಜ್ಜೆ ಏಳುತ್ತದೆ.

● ಮೈಗೆ ತಾಗಿದರೆ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಲೆವೊಡೋಪಾ ಇದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದರು. ಹಾಗೆಂದು ಗುಳಿಗೆ ಬಿಟ್ಟು ಬೀಜ ಅರೆಯಲು ಹೋಗಬೇಡಿ. ಪ್ರಮಾಣ ಕೈಗೆ ಸಿಗದು.

● ರೋಣ ಸೀಮೆಯ ಹೆಸರುಕಾಳು ಪಲ್ಯಕ್ಕೂ ನಡಿಗೆಗೂ ನಂಟುಂಟು. ಹೆಚ್ಚು ಪ್ರೋಟೀನ್ ಒಟ್ಟಿಗೇ ಹೊಟ್ಟೆಗಿಳಿದರೆ ಕೆಲವರಲ್ಲಿ ಲೆವೊಡೋಪಾ ಮೆದುಳಿಗೆ ತಲುಪುವುದು ಕಡಿಮೆ. ಅಳತೆ ಕೆಟ್ಟ ದಿನ ಏನು ಉಂಡಿದ್ದರೆಂದೂ ಕೇಳಿ.

● 2010ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು 58 ವರ್ಷದ ಒಬ್ಬರ ವಿಷಯ ಬರೆದರು. ನಾಲ್ಕು ಹೆಜ್ಜೆ ಇಡಲೂ ಒದ್ದಾಡುತ್ತಿದ್ದ ಆತ ಸೈಕಲ್ ಹತ್ತಿದರೆ ಸರಾಗವಾಗಿ ಹೋಗಿ ತಿರುಗಿ ಬರುತ್ತಿದ್ದ. ಇಳಿದೊಡನೆ ಕಾಲು ಮತ್ತೆ ಅಲ್ಲೇ ನಿಂತುಬಿಡುತ್ತಿತ್ತು.